ತವರಿನ ಹುಳಿಮಣ್ಣು

ಇವತ್ತು ಸೂಲೂರಿನ ಬಸ್ಸಿನಲ್ಲಿ ವಾಲ್ಪಾರೈ ಮಣ್ಣಿನ ಚೀಲವೊಂದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಒದ್ದೆ ಮಣ್ಣಿನ ವಾಸನೆಗೆ ಪಕ್ಕದಾಕೆ ಮೂಗು ಮುರಿದು ಕಿಟಕಿಗೆ ಸರಿದರು. ಸರಿಯಲಿ ಬಿಡಿ. ಈ ಹೊರೆ ಯಾಕೆಂದು ನಿಮಗಾದರೂ ಹೇಳಿಬಿಡುತ್ತೇನೆ, ನಾಚಿಕೆ ಕೊಂಚ ಹಂಚಿಹೋಗಲಿ.

ನಾನು ಕೊಯಮತ್ತೂರಿನಲ್ಲಿ ಮಣ್ಣು ಪರೀಕ್ಷೆ ಮಾಡುವವಳು. ಹಾಸನದಿಂದ ಬಂದವಳಿಗೆ ಪಕ್ಕದ ಸೂಲೂರಿನಲ್ಲಿ ಕನ್ನಡದವರದೇ ಬಾಡಿಗೆ ಮನೆ ಸಿಕ್ಕಿತೆಂದು ಹಿಗ್ಗಿದ್ದೆ. ಮನೆಯೊಡತಿ ರಂಗಮ್ಮನವರು ನೇಕಾರರ ಸೊಸೆ, ತವರು ಬೆಟ್ಟದ ಮೇಲಿನ ವಾಲ್ಪಾರೈ. ಅವರ ಕನ್ನಡದಲ್ಲಿ ಅರ್ಧ ತಮಿಳು: ಹಿಟ್ಟಿಗೆ 'ಮಾವು' ಎನ್ನುವರು, ನನ್ನನ್ನು ಅಕ್ಕರೆಯಿಂದ 'ಕಣ್ಣು' ಎಂದು ಕರೆಯುವರು. ತವರಿನಿಂದ ತಂದ ಮಣ್ಣು ತುಂಬಿದ ಕುಂಡದಲ್ಲಿ ಒಂದು ಹೈಡ್ರೇಂಜಿಯ ಗಿಡ. ಇಲ್ಲಿನ ಬಿಸಿಲಿಗೆ ಮುನಿಸಿಕೊಂಡು ವರ್ಷಕ್ಕೊಂದೇ ಗೊಂಚಲು ಬಿಡುತ್ತಿತ್ತು. ನೀಲಿ ಅಂದರೆ ಎಂಥ ನೀಲಿ! "ನಮ್ಮವ್ವನ ಸೀರೆ ಕಲರು" ಎನ್ನುತ್ತಿದ್ದರು.

ಒಂದು ಸಂಜೆ ಆ ಮಣ್ಣನ್ನು ಬೆರಳಲ್ಲಿ ಹೊಸೆದು ನೋಡಿದೆ. ಜಿಗುಟು ಜೇಡಿ. ಶುರುವಾಯಿತು ನನ್ನ ಉಪನ್ಯಾಸ, ಕೇಳಿದವರು ಯಾರು? ಮಳೆ ಸುಣ್ಣದಂಶವನ್ನೆಲ್ಲ ತೊಳೆದೊಯ್ಯುತ್ತದೆ, ಜೇಡಿ ಕೆಳಪದರಕ್ಕಿಳಿದು ಕೂರುತ್ತದೆ, ಕಬ್ಬಿಣ ಉಳಿದು ಕೆಂಪಾಗುತ್ತದೆ, ಇಂಥ ವರ್ಗಕ್ಕೆ ಅಲ್ಟಿಸಾಲ್ ಎಂದು ಹೆಸರು. "ಒಟ್ಟಿನಲ್ಲಿ ಹುಳಿ ಮಣ್ಣು ಅಮ್ಮಾ, ಸುಣ್ಣ ಕಮ್ಮಿ" ಎಂದು ಮುಗಿಸಿದೆ. ಅವರ ಮುಖ ಸಪ್ಪಗಾಗಿದ್ದಿರಬೇಕು. ನನಗೆಲ್ಲಿ ಕಾಣಬೇಕು, ಬಾಯಿ ತೆರೆದರೆ ಕಣ್ಣು ಮುಚ್ಚುವವಳು ನಾನು.

ಮರುವರ್ಷ ಹೂ ಗುಲಾಬಿ ಬಣ್ಣದ್ದು ಬಂತು.

"ಅಯ್ಯೋ, ಏನು ಹಾಕಿದಿರಿ?"

"ಸುಣ್ಣ ಹಾಕ್ದೆ ಕಣ್ಣು. ನೀನೇ ಹೇಳ್ದೆಯಲ್ಲ, ನಮ್ಮವ್ವನ ಊರು ಮಣ್ಣು ಹುಳಿಚೋಯ್ತು ಅಂತ. ದೋಸೆ ಮಾವು ಹುಳಿಚೋದ್ರೆ ಯಾರು ತಿಂತಾರೆ? ಈಗ ಸರಿಯಾಯ್ತಾ?"

ನನ್ನ ಪ್ರಯೋಗಾಲಯದಲ್ಲಿ ಹುಳಿ ಒಂದು ಗುಣ ಅಷ್ಟೇ. ಅವರ ಅಡುಗೆಮನೆಯಲ್ಲಿ ಅದು ಚೆಲ್ಲಬೇಕಾದ ಹಿಟ್ಟು. ಅವರ ತವರನ್ನೇ ಹಳಸಲು ಎಂದುಬಿಟ್ಟಿದ್ದೆ! ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅದಕ್ಕಾದರೂ ಯಾವ ಮುಖ ತೋರಿಸಲಿ, ಅದನ್ನೂ ನಾನೇ ಬೈದಾಗಿತ್ತಲ್ಲ. ಆ ಹುಳಿಯಿಂದಲೇ ನೀಲಿ ಬರುತ್ತಿತ್ತು ಎಂದು ತಡವರಿಸಿ ತಿಳಿಸಿದೆ. "ಪರವಾಗಿಲ್ಲ, ಇದೂ ಚೆನ್ನಾಗೇ ಇದೆ" ಎಂದರು. ಅವ್ವನ ಸೀರೆಯ ಮಾತನ್ನು ಮತ್ತೆ ಎತ್ತಲಿಲ್ಲ.

ಅದಕ್ಕೇ ಈ ಚೀಲ. ಮನೆ ತಲುಪಿ ಜಗಲಿಯ ಮೇಲೆ ಬಿಚ್ಚಿ, "ನಿಮ್ಮ ತವರಿನದು" ಎಂದೆ. ರಂಗಮ್ಮನವರು ಎರಡೂ ಕೈಯಲ್ಲಿ ಮೊಗೆದು ಮೂಸಿದರು. ಕಣ್ಣು ತುಂಬಿತು. ಕುಂಡದತ್ತ ತಿರುಗಿದವರು ತಡೆದು, ನನ್ನ ಮುಖ ನೋಡಿದರು.

"ಒಳ್ಳೆ ಮಣ್ಣು ತಾನೆ ಕಣ್ಣು? ಹಾಕ್ಲಾ?"

ಅವರ ತವರಿನ ಮಣ್ಣಿಗೆ ನನ್ನ ಅಪ್ಪಣೆ!