ತಲೆಬರಹಕ್ಕೆ ನಾನು ಸೇರಿಸಿದ ಕನ್ನಡ

ಆರು ವರ್ಷದ ಹಿಂದೆ ನಾನು ನೋಯ್ಡಾದ ಒಂದು ಜಾಹೀರಾತು ಕಂಪನಿಯಲ್ಲಿ ಸರ್ಚ್ ವಿಭಾಗದ ಮ್ಯಾನೇಜರ್ ಆಗಿದ್ದೆ. ಇಂಟರ್‌ನೆಟ್‌ನಲ್ಲಿ ಏನಾದರೂ ಹುಡುಕಿದಾಗ ಮೇಲ್ಗಡೆ ಕಾಣುವ ಜಾಹೀರಾತುಗಳನ್ನು ನಡೆಸುವುದು ನಮ್ಮ ಕೆಲಸ. ಅದರಲ್ಲೊಂದು ಸೌಕರ್ಯವಿದೆ. ತಲೆಬರಹದಲ್ಲಿ ಒಂದಿಷ್ಟು ಜಾಗ ಖಾಲಿ ಬಿಟ್ಟು, ಜನ ಹುಡುಕಬಹುದಾದ ಪದಗಳ, ಅಂದರೆ ಕೀವರ್ಡ್‌ಗಳ, ಪಟ್ಟಿ ಕೊಟ್ಟರೆ ಸಾಕು. ಹುಡುಕುವವರ ಮಾತಿಗೆ ಹೊಂದುವ ಕೀವರ್ಡ್ ತಾನೇ ಬಂದು ಅಲ್ಲಿ ಕೂರುತ್ತದೆ. ನೋಡಿದವರಿಗೆ ಇದು ತಮಗೆಂದೇ ಬರೆದದ್ದು ಅನ್ನಿಸುತ್ತದೆ.

ದೆಹಲಿಯ ಲಕ್ಷ್ಮೀ ನಗರದ ಒಂದು ಐಎಎಸ್ ಕೋಚಿಂಗ್ ಸೆಂಟರ್ ನಮ್ಮ ಗ್ರಾಹಕ. ಅಲ್ಲಿ ಪಾಠ ನಡೆಯುತ್ತಿದ್ದುದು ಹಿಂದಿ, ಇಂಗ್ಲಿಷಿನಲ್ಲಿ ಮಾತ್ರ. ಅದು ನನಗೆ ಗೊತ್ತಿತ್ತು. ಆದರೂ ಪಟ್ಟಿಗೆ ‘ಕನ್ನಡ ಮಾಧ್ಯಮ ಐಎಎಸ್ ಕೋಚಿಂಗ್ ದೆಹಲಿ’ ಎಂದು ಸೇರಿಸಿದೆ. ದೆಹಲಿಯದೇ ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಬೆಳೆದ ಕನ್ನಡದ ಹುಡುಗನಾದ ನನಗೆ, ಆಫೀಸಿನಲ್ಲಿ ಬೇರೆ ಯಾರಿಗೂ ಹೊಳೆಯದ್ದು ಹೊಳೆಯಿತೆಂಬ ಜಂಬ. ಬೇರೆ ಸೆಂಟರಿನವರು ಆ ಪದಕ್ಕೆ ಪೈಪೋಟಿಗಿಳಿದಿರಲಿಲ್ಲ; ಕ್ಲಿಕ್ಕುಗಳು ಚೆನ್ನಾಗಿಯೇ ಬಂದವು. ಮೀಟಿಂಗಿನಲ್ಲಿ ಬೆನ್ನು ತಟ್ಟಿಸಿಕೊಂಡೆ.

ಜೂನ್ ತಿಂಗಳ ಒಂದು ಬೆಳಿಗ್ಗೆ ಸೆಂಟರಿನ ಮಾಲೀಕರ ಫೋನು. ಯಾರೋ ಬಂದು ಕೂತಿದ್ದಾರೆ, ಅವರ ಭಾಷೆ ಇಲ್ಲಿ ಯಾರಿಗೂ ಬರುವುದಿಲ್ಲ, ನೀವೇ ಬನ್ನಿ ಎಂದರು.

ಹೋದೆ. ರಿಸೆಪ್ಶನ್ನಿನಲ್ಲಿ ಟ್ರಂಕು, ಹಾಸಿಗೆ ಸಮೇತ ತಾಯಿ ಮಗಳು ಕೂತಿದ್ದರು. ತಾಯಿ ಚಿತ್ರದುರ್ಗದ ಕಡೆಯ ಅಂಗನವಾಡಿ ಟೀಚರು. ಮಗಳು ಓದಿದ್ದೆಲ್ಲ ಕನ್ನಡದಲ್ಲಿ. ವಯಸ್ಸಿನ ಮಿತಿಯಿಂದಾಗಿ ಮುಂದಿನ ಪರೀಕ್ಷೆಯೇ ಅವಳಿಗೆ ಕೊನೆಯದು; ಅದಕ್ಕೆಂದು ಶಾಲೆಯ ಕೆಲಸ ಬಿಟ್ಟು ಬಂದಿದ್ದಳು. ಹೊರಡುವ ಮುಂಚೆ ಫೋನ್ ಮಾಡಿಯೂ ಕೇಳಿದ್ದರಂತೆ. ಕೌಂಟರಿನವನು, ಅರ್ಥವಾಯಿತೋ ಇಲ್ಲವೋ, “ಹಾಂ ಜೀ, ಸಬ್ ಮಿಲೇಗಾ”, ಎಲ್ಲ ಸಿಗುತ್ತದೆ, ಅಂದಿದ್ದ.

ನನ್ನ ಕನ್ನಡ ಕಿವಿಗೆ ಬಿದ್ದದ್ದೇ ತಡ, ತಾಯಿ ಎದ್ದು ಕೈಮುಗಿದರು. “ನೀವೇನಾ ಸಾರ್ ಕನ್ನಡದಲ್ಲಿ ಪಾಠ ಮಾಡೋರು? ನೋಡೇ, ನಾನ್ ಹೇಳ್ಲಿಲ್ವಾ, ಇದ್ದೇ ಇರ್ತಾರೆ ಅಂತ!”

ನೆಲ ಬಾಯಿ ಬಿಡಬಾರದೇ ಅನ್ನಿಸಿತು. “ಇಲ್ಲಮ್ಮ, ಇಲ್ಲಿ ಕನ್ನಡದಲ್ಲಿ ಪಾಠ ಇಲ್ಲ” ಅಂದೆ.

ಮಗಳು ಮೊಬೈಲ್ ಚಾಚಿದಳು. ಸ್ಕ್ರೀನ್‌ಶಾಟಿನಲ್ಲಿದ್ದದ್ದು ನನ್ನದೇ ತಲೆಬರಹ. “ಮತ್ತೆ ಇದು?”

“ಅದು ಕಂಪ್ಯೂಟರ್ ತಾನಾಗೇ ಹಾಕೋದಮ್ಮ.”

“ಯಾರೂ ಹೇಳ್ಕೊಡದೆ ಹಾಕುತ್ತಾ ಸಾರ್?”

ಅವಳದು ಕುಹಕವಲ್ಲ, ತಿಳಿದುಕೊಳ್ಳಲೆಂದೇ ಕೇಳಿದ್ದಳು. ಸೇರಿಸಿದ್ದು ನಾನೇ ಅನ್ನಲು ನಾಲಿಗೆ ಏಳಲಿಲ್ಲ. “ಹೌದು” ಅಂದುಬಿಟ್ಟೆ.

ಅವರು ಅಂದೇ ಸಂಜೆಯ ರೈಲಿಗೆ ಹಿಂತಿರುಗುವುದೆಂದಾಯಿತು. ಟ್ರಂಕನ್ನು ಆಟೋಗೆ ಹತ್ತಿಸಲು ನಾನೂ ಕೈಹಾಕಿದೆ. ತಾಯಿ ಚೀಲದಿಂದ ಶೇಂಗಾ ಚಟ್ನಿಪುಡಿಯ ಡಬ್ಬಿ ತೆಗೆದು ನನ್ನ ಕೈಗಿಟ್ಟರು. “ಮಗಳು ಇಲ್ಲಿರ್ತಾಳೆ ಅಂತ ಮಾಡ್ಕೊಂಡ್ ಬಂದಿದ್ದೆ. ನೀವ್ ತಿನ್ನಿ ಸಾರ್. ನೀವಾದ್ರೂ ಏನ್ ಮಾಡ್ತೀರಾ ಪಾಪ. ಇಷ್ಟು ದೂರದಲ್ಲಿ ನಮ್ಮ ಭಾಷೆಯೋರು ಒಬ್ರು ಸಿಕ್ಕಿದ್ರಲ್ಲ.” ಬೇಡ ಅನ್ನುವ ಮರ್ಯಾದೆಯೂ ನನಗೆ ಉಳಿದಿರಲಿಲ್ಲ. ತೆಗೆದುಕೊಂಡೆ.

ಆಫೀಸಿಗೆ ಬಂದವನೇ ಆ ಸಾಲನ್ನು ಅಳಿಸಿದೆ. ಅಳಿಸಲು ಅರ್ಧ ನಿಮಿಷ ಸಾಕಾಯಿತು. ಈಗ ಹೊಸಬರಿಗೆ ಕೆಲಸ ಕಲಿಸುವಾಗ ಮೊದಲ ದಿನವೇ ಹೇಳುತ್ತೇನೆ: ಪಟ್ಟಿಗೆ ಒಂದು ಪದ ಸೇರಿಸುವ ಮೊದಲು, ಅದನ್ನು ನಂಬಿ ಬಂದವರಿಗೆ ಕೊಡಲು ನಮ್ಮಲ್ಲಿ ಏನಿದೆ ನೋಡಿ. ತಪ್ಪಾದಾಗ ಆ ಹೊಸಬರೂ “ಸಾರ್, ಅದು ಸಿಸ್ಟಮ್ ಹಾಕಿದ್ದು” ಅನ್ನುತ್ತಾರೆ. ನನಗೆ ಗದರಲು ಬಾಯಿ ಬರುವುದಿಲ್ಲ. ಅದೇ ಸುಳ್ಳನ್ನು ನಾನು ಕನ್ನಡದಲ್ಲಿ ಹೇಳಿದ್ದೇನೆ, ಕನ್ನಡವನ್ನೇ ನಂಬಿ ಬಂದವರಿಗೆ.