ಕಸ್ತೂರಿಯ ಡಬ್ಬಿ, ಭಾರತಿಯ ಡಬ್ಬಿ

ನನ್ನ ಅತ್ತೆ ಗಂಗವ್ವ ಯಾವುದನ್ನೂ ಮೂಸದೆ ಬಾಯಿಗಿಡುವವರಲ್ಲ. ಬೆಳಗಿನ ಹಾಲನ್ನು ಕಾಯಿಸುವ ಮೊದಲೊಮ್ಮೆ, ಕಾಯಿಸಿದ ಮೇಲೊಮ್ಮೆ ಪಾತ್ರೆಯ ಮೇಲೆ ಬಾಗಿ ಉಸಿರೆಳೆದುಕೊಳ್ಳುತ್ತಾರೆ. ಸಂತೆಯಿಂದ ತಂದ ಬೆಲ್ಲವನ್ನು ಒಡೆದು ಬೆಳಕಿಗೆ ಹಿಡಿಯುತ್ತಾರೆ. ಅಂಗಡಿಯವನ ತಕ್ಕಡಿ, ಕಂಡಕ್ಟರನ ಚಿಲ್ಲರೆ, ಹವಾಮಾನದ ವರದಿ, ಫೋನಿನಲ್ಲಿ ನಗುನಗುತ್ತ ಮಾತಾಡುವ ಬ್ಯಾಂಕಿನ ಹುಡುಗಿ, ಎಲ್ಲರ ಮೇಲೂ ಎಲ್ಲದರ ಮೇಲೂ ಅವರಿಗೆ ಒಂದೇ ಶಂಕೆ. ಮದುವೆಯಾಗಿ ತಿಳವಳ್ಳಿಯ ಆ ಮನೆಗೆ ಬಂದ ಹೊಸದರಲ್ಲಿ ನಾನು ಮಾಡಿದ ಸಾರನ್ನೂ ಮೂಸಿದ್ದರು. ನನಗೆ ಸಿಟ್ಟು ಬಂದಿತ್ತು. ಆಮೇಲೆ ನೋಡಿದರೆ, ತಾವೇ ಮಾಡಿದ ಸಾರನ್ನೂ ಹಾಗೆಯೇ ಮೂಸುತ್ತಾರೆ!

ನಮ್ಮ ಕಡೆ ಇದಕ್ಕೆ ಗುಮಾನಿ ಎನ್ನುತ್ತಾರೆ. ಪುಸ್ತಕದ ಕನ್ನಡದಲ್ಲಿ ಅನುಮಾನ. ಶಾಲೆಯಲ್ಲಿ ಕನ್ನಡ ಕಲಿಸುವವಳಾದ್ದರಿಂದ ಪದಗಳನ್ನು ಒಡೆದು ನೋಡುವ ಚಟ ನನಗಿದೆ. ಅನುಮಾನದ ಹೊಟ್ಟೆಯಲ್ಲಿ ಮಾನವೂ ಕೂತಿದೆ. ಆದರೆ ಅದು ಯಾರ ಮಾನವನ್ನು ಕಾಯುತ್ತದೆ, ಯಾರ ಮಾನವನ್ನು ಕಳೆಯುತ್ತದೆ ಎನ್ನುವುದು ಪದ ಒಡೆದರೆ ತಿಳಿಯುವುದಿಲ್ಲ. ನನಗದು ತಿಳಿದದ್ದು ನನ್ನ ನಾದಿನಿ ಕಸ್ತೂರಿಯ ದೆಸೆಯಿಂದ.

ಕಸ್ತೂರಿ ಮ್ಯಾರಥಾನ್ ಓಡುತ್ತಾಳೆ. ಕಣ್ಣುಮುಚ್ಚಿ ತೆಗೆಯುವುದರಲ್ಲಿ ಮುಗಿದುಹೋಗುವ ಓಟವಲ್ಲ ಅದು. ನಮ್ಮೂರಿನಿಂದ ಹಾನಗಲ್ಲಿಗೆ ಓಡಿ ಹೋಗಿ, ಓಡಿ ಬಂದರೂ ಇನ್ನೂ ಉಳಿಯುವಷ್ಟು ದೂರ. ಗೋವಿನಜೋಳದ ಹೊಲಗಳ ನಡುವಿನ ರಸ್ತೆಯಲ್ಲಿ ನಸುಕಿನಲ್ಲೇ ಹೊರಡುತ್ತಾಳೆ. ಗದ್ದೆಗೆ ಹೋಗುವವರು ಮೊದಮೊದಲು, "ಏನವ್ವಾ, ಬಸ್ ತಪ್ಪಿತೇನು?" ಎಂದು ಕೇಳುತ್ತಿದ್ದರು. ಈಗ ಕೇಳುವುದಿಲ್ಲ. ಅವಳು ಶಿಗ್ಗಾಂವದ ಕಾಲೇಜಿನಲ್ಲಿ ಓದುವಾಗ ಸವಣೂರಿನ ಭಾರತಿ ಜೊತೆಯಾದಳು. ಇಬ್ಬರೂ ಅಲ್ಲಿಯ ಮೈದಾನದಲ್ಲೇ ಓಟ ಕಲಿತವರು. ಓದು ಮುಗಿದ ಮೇಲೂ ಭಾನುವಾರದ ಉದ್ದ ಓಟವನ್ನು ಮಾತ್ರ ಬಿಡಲಿಲ್ಲ. ಕಸ್ತೂರಿ ಶನಿವಾರ ಸಂಜೆಯೇ ನನ್ನ ಜೊತೆ ಶಿಗ್ಗಾಂವದಲ್ಲಿರುವ ನನ್ನ ತವರಿಗೆ ಬಂದು ಮಲಗುವಳು. ಭಾರತಿ ಬೆಳಿಗ್ಗೆ ಅಣ್ಣನ ಮೋಟಾರ್ ಸೈಕಲ್ಲಿನಲ್ಲಿ ಬಂದಿಳಿಯುವಳು. ಹೆದ್ದಾರಿಯ ಪಕ್ಕದ ರಸ್ತೆಯಲ್ಲಿ ಇಬ್ಬರೂ ಹೆಗಲಿಗೆ ಹೆಗಲು ಕೊಟ್ಟು ಓಡುವಾಗ, ಎರಡು ಜೊತೆ ಕಾಲು ಒಂದೇ ಸದ್ದು ಮಾಡುತ್ತಿದ್ದವು. ಸ್ಕೂಟರಿನಲ್ಲಿ ಹಿಂದೆ ಹೋಗುತ್ತಿದ್ದ ನನಗೆ ಆ ಸದ್ದಿನಲ್ಲಿ ಯಾವುದು ಯಾರದೆಂದು ಗೊತ್ತಾಗುತ್ತಿರಲಿಲ್ಲ.

ರಾಜ್ಯದ ಓಟದಲ್ಲಿ ಇಬ್ಬರೂ ಪದಕ ಗೆದ್ದು ಬಂದ ವರ್ಷ ಶಿಗ್ಗಾಂವದಲ್ಲಿ ಸನ್ಮಾನವಾಯಿತು. ಜಿಮ್ ನಡೆಸುವ ಒಬ್ಬ ಉತ್ಸಾಹಿ ಶಾಲು ಹೊದಿಸಿ, ಹಾರ ಹಾಕಿ, ಇಬ್ಬರ ಕೈಗೂ ಒಂದೊಂದು ದೊಡ್ಡ ಡಬ್ಬಿ ಕೊಟ್ಟ. "ಗಿಡಮೂಲಿಕಿ ಪುಡಿ. ಹಾಲಿನಾಗ ಹಾಕ್ಕೊಂಡು ಕುಡೀರಿ, ಆಯಾಸ ಅನ್ನೋದ ಇರಂಗಿಲ್ಲ" ಎಂದ. ವೈದ್ಯರನ್ನು ಕೇಳದೆ ಏನನ್ನೂ ತಿನ್ನಬಾರದು, ಕುಡಿಯಬಾರದು ಎಂದು ತರಬೇತಿ ಶಿಬಿರದಲ್ಲಿ ಹುಡುಗಿಯರಿಗೆ ಹೇಳಿದ್ದರು. ಆದರೆ ಡಬ್ಬಿಯ ಮೇಲೆ ಹಸಿರು ಎಲೆಯ ಚಿತ್ರವಿತ್ತು. ಎಲೆಯನ್ನು ಯಾರು ಶಂಕಿಸುತ್ತಾರೆ? ಕಸ್ತೂರಿ ಮರುದಿನದಿಂದಲೇ ಕುಡಿಯತೊಡಗಿದಳು. ಭಾರತಿ ಹುಷಾರಿನ ಹುಡುಗಿ. ಡಬ್ಬಿಯನ್ನು ತೆರೆಯದೆ ಕಪಾಟಿನಲ್ಲಿಟ್ಟಳು.

ಆ ಮಳೆಗಾಲದಲ್ಲಿ ಕಸ್ತೂರಿಯ ಓಟ ಕಣ್ಣಿಗೆ ಕಾಣುವಂತೆ ಸುಧಾರಿಸಿತು. ಒಂದು ಭಾನುವಾರ ಸೇತುವೆಯ ಬಳಿ ದಣಿವಾರಿಸಿಕೊಳ್ಳುತ್ತ ಅವಳು ಭಾರತಿಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ. "ಖರೇ ಹೇಳ್ತೇನಿ, ಆ ಪುಡಿ ಭಾಳ ಛಲೋ ಐತಿ. ಮೈ ಹಗುರ ಆಗೇತಿ ನಂದು. ನೀನೂ ಕುಡಿ."

"ಏನೂ ಆಗಂಗಿಲ್ಲಲಾ?"

"ನನಗೇನಾಗೇತಿ, ನೋಡು!"

ಭಾರತಿ ಅವಳನ್ನು ನೋಡಿದಳು, ನಕ್ಕಳು, ಅಂದೇ ಮನೆಗೆ ಹೋಗಿ ಡಬ್ಬಿ ತೆರೆದಳು.

ಆಮೇಲೆ ಬಂದದ್ದು ರಾಷ್ಟ್ರೀಯ ಓಟ. ಏಷ್ಯಾ ಮಟ್ಟದ ಕೂಟಕ್ಕೆ ಮಹಿಳೆಯರ ಮ್ಯಾರಥಾನಿಗೆ ಇಬ್ಬರನ್ನೇ ಕಳಿಸುವುದು, ಅದೂ ಪದಕದ ಭರವಸೆಯಿದ್ದರೆ ಮಾತ್ರ ಎಂದು ಆಯ್ಕೆ ಸಮಿತಿ ಮೊದಲೇ ಹೇಳಿತ್ತು. ಭರವಸೆಯನ್ನು ಯಾವ ಗಡಿಯಾರ ಅಳೆಯುತ್ತದೋ ನನಗೆ ತಿಳಿಯದು. ಉತ್ತರದ ಒಬ್ಬ ಹುಡುಗಿ ಮೊದಲು ಬಂದಳು, ಭಾರತಿ ಎರಡನೆಯವಳು, ಅವಳ ಬೆನ್ನಿಗೇ ಕಸ್ತೂರಿ. ಮೂವರಿಂದಲೂ ಅಲ್ಲೇ ಮೂತ್ರ, ರಕ್ತದ ಮಾದರಿ ತೆಗೆದುಕೊಂಡರು. ಭಾರತಿ ತಂಡಕ್ಕೆ ಆಯ್ಕೆಯಾದಳು. ಪತ್ರಿಕೆಗಳು ಅವಳ ಫೋಟೋ ಹಾಕಿ ಪದಕದ ಆಸೆಯನ್ನು ಬರೆದವು. ನಮ್ಮ ಮನೆಯಲ್ಲೂ ಪೇಡೆ ಹಂಚಿದೆವು. ಆದರೂ, ಗೆಳೆಯರೇ, ನಿಮ್ಮ ಮುಂದೆ ಮುಚ್ಚಿಡುವುದೇಕೆ? ಸ್ಪರ್ಧೆಗಳಲ್ಲಿ ಎಂದೂ ಕಸ್ತೂರಿಗಿಂತ ಹಿಂದೆಯೇ ಇರುತ್ತಿದ್ದ ಈ ಹುಡುಗಿ ಒಮ್ಮೆಲೇ ಹೇಗೆ ಮುಂದೆ ಹೋದಳು ಎಂದು ನನ್ನೊಳಗೊಂದು ಹುಳು ಕೊರೆಯಿತು. ನಮ್ಮವರು ವೇಗವಾಗಿ ಓಡಿದರೆ ಅದು ಸಾಧನೆ, ಪಕ್ಕದ ಮನೆಯವರು ಓಡಿದರೆ ಸಂಶಯ. ಓಟದ ಲೋಕದಲ್ಲಂತೂ ಈಗ ಯಾರೇ ಚೆನ್ನಾಗಿ ಓಡಲಿ, ಚಪ್ಪಾಳೆಗಿಂತ ಮೊದಲು ಪಿಸುಮಾತು ಹುಟ್ಟುತ್ತದೆ.

ಕೆಲವು ವಾರಗಳಾದ ಮೇಲೆ ಒಂದು ಮಧ್ಯಾಹ್ನ ಕಸ್ತೂರಿಯ ತರಬೇತುದಾರರ ಫೋನು ಬಂತು. ಭಾರತಿಯ ಮಾದರಿಯಲ್ಲಿ ನಿಷೇಧಿತ ಔಷಧ ಸಿಕ್ಕಿದೆ, ಅವಳನ್ನು ತಂಡದಿಂದ ಕೈಬಿಟ್ಟಿದ್ದಾರೆ, ಆ ಜಾಗ ಕಸ್ತೂರಿಗೆ. ಕಸ್ತೂರಿ ಫೋನನ್ನು ಕೆಳಗಿಟ್ಟು ಗೋಡೆಗೊರಗಿ ಕೂತಳು. ಮುಖದಲ್ಲಿ ಸಂತೋಷವಿರಲಿಲ್ಲ.

"ವೈನಿ, ಅಕಿ ಬ್ಯಾರೆ ಏನೂ ತಗೊಳ್ಳಂಗಿಲ್ಲ. ಆ ಪುಡಿ ಒಂದ. ಅದನ್ನ ನಾನೂ ಕುಡಿದೇನಿ. ಅಕಿಕಿಂತ ಹೆಚ್ಚ ಕುಡಿದೇನಿ. ನನಗ್ಯಾಕ ಏನೂ ಬರಲಿಲ್ಲ?"

ಪರೀಕ್ಷೆ ತಪ್ಪಿರಬಹುದೇ? ಮಾದರಿಗಳು ಅದಲುಬದಲಾಗಿರಬಹುದೇ? ಕಸ್ತೂರಿಯ ಫಲಿತಾಂಶ ಇನ್ನೂ ಬರಬೇಕಿದೆಯೇ? ಅಡುಗೆಮನೆಯಲ್ಲಿ ಕೂತು ಬಳ್ಳೊಳ್ಳಿ ಸುಲಿಯುತ್ತಿದ್ದ ಅತ್ತೆ ತಲೆ ಎತ್ತದೆ ಅಂದರು: "ನಿನ್ನ ಡಬ್ಬಿಯಾಗ ಆ ಪುಡಿ ಎಲ್ಲೈತಿ? ಅದನ್ನ ತಂದ ದಿನಾನ ತಿಪ್ಪಿಗೆ ಚೆಲ್ಲೇನಿ."

ನಾವಿಬ್ಬರೂ ಅವರನ್ನೇ ನೋಡಿದೆವು.

"ಮೂಸಿ ನೋಡಿದೆ, ಯಾಕೋ ಮನಸ್ಸಿಗೆ ಬರಲಿಲ್ಲ. ಹೆಸರುಕಾಳು, ಗೋದಿ ಹುರಿದು, ಶುಂಠಿ ಯಾಲಕ್ಕಿ ಹಾಕಿ ಬೀಸಿ ತುಂಬಿಟ್ಟೆ. ದಿನಾ ಹಾಲಿಗೆ ಕಲಸಿ ಕೊಡಾಕಿ ನಾನ ಅಲ್ಲೇನು? ತೀರಿದಂಗೆಲ್ಲ ಮತ್ತ ತುಂಬೇನಿ. ಅದನ್ನ ಕುಡದಿ ನೀ."

ಕಸ್ತೂರಿ ಮೊದಲು ಬಿದ್ದುಬಿದ್ದು ನಕ್ಕಳು. ಮೈ ಹಗುರ ಮಾಡಿದ್ದು ಅವ್ವನ ಹಿಟ್ಟು! ನಗು ಅರ್ಧಕ್ಕೇ ನಿಂತಿತು. "ಅವ್ವಾ, ಅದು ಛಲೋ ಐತಿ ಅಂತ ನಾನ ಅಕಿಗೆ ಹೇಳಿ ಕುಡಿಸಿದೆ. ನನಗ ಒಂದ್ ಮಾತು ಹೇಳಬೇಕಿತ್ತಿಲ್ಲ?"

"ಹೇಳಿದ್ರ ನೀ ಹಿಟ್ಟು ಕುಡಿತಿದ್ದೇನು? ಡಬ್ಬಿ ನೋಡೇ ಕುಡದಿ."

ಅತ್ತೆಗೆ ಔಷಧದ ಜ್ಞಾನವೇನಾದರೂ ಇತ್ತೆಂದು ನೀವು ತಿಳಿಯಬೇಡಿ. ಅದೇ ವರ್ಷ ವೈದ್ಯರು ಕೊಟ್ಟ ಒಳ್ಳೆಯ ಕೆಮ್ಮಿನ ಔಷಧವನ್ನೂ ಅವರು ಹಾಗೆಯೇ ಚೆಲ್ಲಿ ಇಡೀ ಮನೆಯನ್ನು ಕೆಮ್ಮಿಸಿದ್ದರು.

ಮರುದಿನವೇ ನಾವು ಮೂವರೂ ಸವಣೂರಿಗೆ ಹೋದೆವು. ಭಾರತಿ ನಡುಮನೆಯಲ್ಲಿ ಕೂತಿದ್ದಳು. ಎದ್ದು ಬರಲಿಲ್ಲ, ಬರ್ರಿ ಎನ್ನಲಿಲ್ಲ. ಕಸ್ತೂರಿ ನಡೆದದ್ದನ್ನೆಲ್ಲ ಹೇಳಿ ಮುಗಿಸುವವರೆಗೂ ನೆಲ ನೋಡುತ್ತಿದ್ದವಳು ಕೊನೆಗೆ ತಲೆ ಎತ್ತಿದಳು.

"ನಿಂದು ಹಿಟ್ಟಾತು, ನಂದು ವಿಷ ಆತು. ಕುಡಿ ಕುಡಿ ಅಂತ ಕುಡಿಸಿದಾಕಿ ನೀ. ಈಗ ನನ್ನ ಜಾಗಾದಾಗ ಹೋಗಾಕಿ ನೀ. ನೀ ನನ್ನ ಜಾಗಾದಾಗ ಕುಂತು ಈ ಕತಿ ಕೇಳಿದ್ರ ನಂಬತಿದ್ದೇನು, ಹೇಳು."

ಕಸ್ತೂರಿ ನಂಬುತ್ತಿರಲಿಲ್ಲ, ಭಾರತಿಯ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ. ಸುಳ್ಳಾದರೆ ಇನ್ನಷ್ಟು ಚೆನ್ನಾಗಿ ಹೆಣೆದಿರುತ್ತಾರೆ. ಸತ್ಯ ಮಾತ್ರ ಹೀಗೆ ಯಾರಿಗೂ ಮುಖ ತೋರಿಸಲಾಗದ ಅವತಾರದಲ್ಲಿ ಬಂದು ನಿಲ್ಲುತ್ತದೆ.

ಅತ್ತೆ ಮುಂದೆ ಬಂದರು. "ಅಕಿಗೆ ಏನೂ ಗೊತ್ತಿಲ್ಲವ್ವ. ಚೆಲ್ಲಿದಾಕಿ ನಾನು."

"ಹೌದ್ರಿ ದೊಡ್ಡವ್ವ. ನಿಮಗ ಗುಮಾನಿ ಬಂತು, ನಿಮ್ಮ ಮಗಳ ಡಬ್ಬಿ ಚೆಲ್ಲಿದ್ರಿ. ಅಂಥಾದ್ದ ಒಂದು ಡಬ್ಬಿ ನನ್ನ ಕೈಯಾಗೂ ಇತ್ತು. ನನಗ ಒಂದ್ ಮಾತು ಹೇಳಾಕ ಏನಾಗಿತ್ರಿ?"

ಲೋಕದಲ್ಲಿ ಯಾರ ಮಾತಿಗೂ ತಿರುಗುತ್ತರ ಕೊಡದೆ ಬಿಡದ ನನ್ನ ಅತ್ತೆ ಸೆರಗನ್ನು ಹೆಗಲ ಮೇಲೆ ಸರಿಮಾಡಿಕೊಂಡರು. ಆಮೇಲೆ ಮೆಲ್ಲಗೆ, "ನಿನ್ನ ನೆನಪು ಬರಲಿಲ್ಲವ್ವ" ಅಂದರು.

ಬಸ್ಸಿನಲ್ಲಿ ವಾಪಸಾಗುವಾಗ ಕಸ್ತೂರಿ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದಳು: ಭಾರತಿಯ ವಿಚಾರಣೆ ಮಾಡುವವರ ಮುಂದೆ ತಾನು ಹೋಗುತ್ತೇನೆ, ಡಬ್ಬಿ ಕೊಟ್ಟವರು ಯಾರು, ಕುಡಿ ಎಂದವರು ಯಾರು, ಎಲ್ಲ ಹೇಳುತ್ತೇನೆ ಎಂದು. ತರಬೇತುದಾರರು ಫೋನಿನಲ್ಲೇ ಕೂಗಾಡಿದರು. "ನಿನಗೇನು ತಲೆ ಕೆಟ್ಟಿದೆಯಾ? ನಿನ್ನ ಪರೀಕ್ಷೆ ಶುದ್ಧವಾಗಿದೆ, ಟಿಕೆಟ್ ಆಗುವುದರಲ್ಲಿದೆ. ನಾನೂ ಅದೇ ಡಬ್ಬಿ ತೆಗೆದುಕೊಂಡಿದ್ದೆ ಅಂತ ನೀನಾಗಿಯೇ ಹೋಗಿ ಹೇಳಿದರೆ ನಿನ್ನನ್ನೂ ಮನೆಯಲ್ಲಿ ಕೂರಿಸುತ್ತಾರೆ!"

ಅವರ ಮಾತು ಸುಳ್ಳಾಗಿರಲಿಲ್ಲ. ಆದರೂ ಕಸ್ತೂರಿ ಹೋದಳು. ಜೊತೆಗೆ ಅತ್ತೆ, ನಾನು. ದೊಡ್ಡ ಊರಿನ ತಣ್ಣನೆಯ ಕೋಣೆಯೊಂದರಲ್ಲಿ ವಿಚಾರಣಾ ಸಮಿತಿಯ ಮೂವರು ಕೂತು ಕೇಳಿದರು. ಗೋಡೆಯ ಪಕ್ಕದ ಕುರ್ಚಿಯಲ್ಲಿದ್ದ ಭಾರತಿ ನಮ್ಮತ್ತ ನೋಡಲಿಲ್ಲ. ಕಸ್ತೂರಿಯ ಮಾತು ಕೇಳುವಾಗ ಸಮಿತಿಯವರಲ್ಲೊಬ್ಬರ ತುಟಿಯಂಚಿನಲ್ಲಿ ನಗೆಯೊಂದು ಸುಳಿದು ಹೋಯಿತು. ಎಷ್ಟೋ ಕಟ್ಟುಕತೆಗಳನ್ನು ಕೇಳಿ ಪಳಗಿದ ನಗೆ ಅದು. ಕನ್ನಡ ಬಲ್ಲ ಇನ್ನೊಬ್ಬರು ಅತ್ತೆಯ ಕಡೆ ತಿರುಗಿದರು.

"ಪುಡಿಯಲ್ಲಿ ಏನಿದೆ ಅಂತ ನಿಮಗೆ ಗೊತ್ತಿತ್ತೇನಮ್ಮ?"

"ಇಲ್ರಿ. ಗುಮಾನಿ ಬಂತು, ಚೆಲ್ಲಿದೆ."

"ಯಾಕೆ ಬಂತು ಗುಮಾನಿ?"

"ಪುಕ್ಕಟೆ ಕೊಟ್ಟಿದ್ನಲ್ರಿ."

ಯಾರೂ ನಗಲಿಲ್ಲ. ಭಾರತಿಯ ಡಬ್ಬಿಯಲ್ಲಿ ಉಳಿದಿದ್ದ ಪುಡಿಯನ್ನು ಪರೀಕ್ಷೆಗೆ ಕಳಿಸಿದರು. ಡಬ್ಬಿಯ ಮೇಲೆ ಎಲ್ಲೂ ಹೆಸರಿಲ್ಲದ ಔಷಧ ಅದರೊಳಗಿತ್ತು. ಜಿಮ್ಮಿನವನು "ಕಂಪನಿಯವರು ಕಳಿಸಿದ್ದು, ನನಗೇನು ಗೊತ್ತು" ಎಂದು ಕೈ ಝಾಡಿಸಿದ. ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲವೋ ಏನೋ. ಅವನನ್ನು ಕಂಡಾಗ ನನಗೆ ಈಗಲೂ ಏನು ತಿಳಿದುಕೊಳ್ಳಬೇಕೆಂದು ತಿಳಿಯುವುದಿಲ್ಲ. ಬೇಕೆಂದು ಮಾಡಿದ್ದಲ್ಲ ಎಂದು ಭಾರತಿಯ ನಿಷೇಧದ ಅವಧಿಯನ್ನು ಇಳಿಸಿದರು, ಪೂರ್ತಿ ತೆಗೆಯಲಿಲ್ಲ. ದೇಹದೊಳಗೆ ಹೋದದ್ದಕ್ಕೆ ಓಡುವವಳೇ ಹೊಣೆ, ನಿಯಮವೇ ಹಾಗಂತೆ.

ಕಸ್ತೂರಿಯ ಹೆಸರನ್ನೂ ತಡೆಹಿಡಿದರು. ಮತ್ತೆ ಪರೀಕ್ಷೆ, ಮತ್ತೆ ಕಾಯುವಿಕೆ. ಆ ದಿನಗಳಲ್ಲಿ ಅವಳಿಗೆ ನಿದ್ದೆಯೂ ಸರಿಯಿರಲಿಲ್ಲ, ಓಟವೂ. ತಂಡ ಹೊರಡುವ ಹೊತ್ತಿಗೆ ಅಂತೂ ಅವಳಿಗೆ ಒಪ್ಪಿಗೆ ಕೊಟ್ಟರು. ಅವಳು ಹೋದಳು, ಓಡಿದಳು, ಪದಕದಿಂದ ಬಹಳ ಹಿಂದೆ ಉಳಿದು ಓಟ ಮುಗಿಸಿದಳು. ಟಿವಿಯಲ್ಲಿ ಅವಳು ಕಂಡದ್ದು ಕ್ಷಣಕಾಲ, ಬೇರೆ ಯಾರದೋ ಬೆನ್ನ ಹಿಂದೆ. ಊರಿಗೆ ಬಂದಾಗ ಸನ್ಮಾನವಿರಲಿಲ್ಲ. ಶಿಗ್ಗಾಂವದ ಚಹಾ ಅಂಗಡಿಯಲ್ಲಿ ಯಾರೋ, "ಗೆಳತಿಗೆ ಪುಡಿ ಕುಡಿಸಿದಾಕಿ ಇಕೀನ" ಎಂದದ್ದು ನನ್ನ ಕಿವಿಗೇ ಬಿತ್ತು. ಇನ್ನೊಂದು ಮೇಜಿನವರು, ಅಷ್ಟು ಹಿಂದೆ ಬಿದ್ದಳೆಂದರೆ ಮೊದಲು ಅವಳೂ ಕುಡಿದೇ ಓಡಿದ್ದಿರಬೇಕು ಎಂದರು. ಗೆದ್ದರೊಂದು ಶಂಕೆ, ಸೋತರೊಂದು ಶಂಕೆ. ಅತ್ತೆ ಮಾತ್ರ ಆಗಿನಿಂದ ತಮ್ಮ ಗುಮಾನಿಯನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವುದಿಲ್ಲ. ಓಣಿಯ ಎಲ್ಲ ಮನೆಗಳಿಗೂ ಹೋಗಿ ಹೇಳಿಬರುತ್ತಾರೆ. ಅರ್ಧ ಓಣಿ ಅವರಿಗೆ ಬಾಗಿಲು ಹಾಕಿಕೊಳ್ಳುತ್ತದೆ.

ಭಾನುವಾರಗಳಲ್ಲಿ ಕಸ್ತೂರಿ ಒಬ್ಬಳೇ ಓಡತೊಡಗಿದಳು. ನಾನು ಸ್ಕೂಟರಿನಲ್ಲಿ ಹಿಂದೆ. ಆ ರಸ್ತೆ ಅಷ್ಟು ಉದ್ದವಿತ್ತೆಂದು ನನಗೆ ಗೊತ್ತೇ ಇರಲಿಲ್ಲ.

ಕಳೆದ ಚಳಿಗಾಲದ ಒಂದು ಭಾನುವಾರ ನಾವು ಹೊರಡುವ ಹೊತ್ತಿಗೆ ಮೋಟಾರ್ ಸೈಕಲ್ಲೊಂದು ಬಂದು ನಿಂತಿತು. ಅಣ್ಣನ ಹಿಂದಿನಿಂದ ಭಾರತಿ ಇಳಿದಳು. ನಿಷೇಧ ಇನ್ನೂ ಮುಗಿದಿರಲಿಲ್ಲ; ಆದರೆ ಡಾಂಬರು ರಸ್ತೆಯ ಮೇಲೆ ಓಡಬೇಡ ಎಂದು ಯಾರೂ ಹೇಳುವಂತಿರಲಿಲ್ಲ. ಅವಳು ಬೂಟಿನ ದಾರ ಬಿಗಿದಳು. ಇಬ್ಬರೂ ಓಡತೊಡಗಿದರು. ಮೊದಲು ನಡುವೆ ಒಂದು ಎತ್ತಿನಗಾಡಿ ಹೋಗುವಷ್ಟು ಅಂತರವಿತ್ತು. ಬಂಕಾಪುರದ ದಿಕ್ಕಿಗೆ ತಿರುಗುವ ಹೊತ್ತಿಗೆ ಅದು ಕಡಿಮೆಯಾಗಿತ್ತು.

ಅರ್ಧದಾರಿಯಲ್ಲಿ ನಿಂತಾಗ ಕಸ್ತೂರಿ ತನ್ನ ನೀರಿನ ಬಾಟಲಿಯನ್ನು ಚಾಚಿದಳು. ಭಾರತಿ ಅದನ್ನು ನೋಡಿದಳು, ಅವಳ ಮುಖವನ್ನು ನೋಡಿದಳು.

"ಬ್ಯಾಡ. ನಂದ ನಾ ತಂದೇನಿ" ಅಂದಳು.

ಕಸ್ತೂರಿ ಕೈಯನ್ನು ಹಿಂದಕ್ಕೆಳೆದುಕೊಂಡಳು. ಅವಳ ಮುಖ ಮಾತ್ರ ಬಾಡಲಿಲ್ಲ. "ಛಲೋ ಮಾಡಿದಿ. ಯಾರ ಕೈಯಾಂದೂ ಕುಡಿಬ್ಯಾಡ. ನಂದೂ ಬ್ಯಾಡ" ಅಂದಳು.

ಭಾರತಿ ತನ್ನ ಬಾಟಲಿಯ ಮುಚ್ಚಳ ತಿರುಗಿಸಿ ಗಟಗಟನೆ ಕುಡಿದು, ಬಾಯೊರೆಸಿಕೊಂಡು, "ನಡಿ, ಬಿಸಿಲೇರಾಕತ್ತೇತಿ" ಎಂದು ಮೊದಲ ಹೆಜ್ಜೆ ಹಾಕಿದಳು. ಕಸ್ತೂರಿ ಅವಳ ಪಕ್ಕಕ್ಕೆ ಬಂದಳು. ನಾನು ಸ್ಕೂಟರ್ ಚಾಲೂ ಮಾಡದೆ ಒಂದು ಗಳಿಗೆ ಹಾಗೇ ನಿಂತು, ದೂರವಾಗುತ್ತಿದ್ದ ಆ ಕಾಲುಗಳ ಸದ್ದಿಗೆ ಕಿವಿಗೊಟ್ಟೆ. ಎರಡು ಸದ್ದು ಬೇರೆ ಬೇರೆಯಾಗಿಯೇ ಕೇಳುತ್ತಿದ್ದವು, ಆದರೆ ಒಂದೇ ದಿಕ್ಕಿಗೆ ಹೋಗುತ್ತಿದ್ದವು.