ಗುಂಡಿಯಕ್ಕನ ಗುಂಡಿಗೆ

ಅವಳಿಗೂ ಒಂದು ಹೆಸರಿತ್ತು. ಆದರೆ ಹೊಲಿಗೆ ಅಂಗಡಿಯಲ್ಲಿ ಆ ಹೆಸರು ಹಿಡಿದು ಕರೆದವರಿಲ್ಲ. ಎಲ್ಲರಿಗೂ ಅವಳು ಗುಂಡಿಯಕ್ಕ. ಮಹಡಿಯ ಮೇಲಿನ ಆ ಉದ್ದನೆಯ ಕೋಣೆಯಲ್ಲಿ, ಹೊಲಿಗೆ ಯಂತ್ರಗಳೆಲ್ಲ ಒಟ್ಟಿಗೆ ದಡದಡ ಎನ್ನುವಾಗ, ಕಿಟಕಿಯ ಪಕ್ಕದ ಗಿಡ್ಡ ಸ್ಟೂಲಿನ ಮೇಲೆ ಕೂತು ಅವಳು ಕಾಜಾ ಹೊಲಿದು ಗುಂಡಿ ಹಚ್ಚುತ್ತಿದ್ದಳು. ದಾರದ ತುದಿಗೆ ಗಂಟು ಬಿಗಿದು, ಹಲ್ಲಿನಿಂದ ಪಟಕ್ಕನೆ ಕಡಿದು, ಅಂಗಿಯನ್ನು ಇಸ್ತ್ರಿ ಮೇಜಿನತ್ತ ಎಸೆದರೆ ಅವಳ ಕೆಲಸ ಮುಗಿಯಿತು. ಅಂಗಿ ಹರಿದರೂ ಗುಂಡಿಯಕ್ಕನ ಗುಂಡಿ ಕಿತ್ತು ಬರುವುದಿಲ್ಲ ಎಂದು ಗಿರಾಕಿಗಳು ಹೇಳುತ್ತಿದ್ದರು.

ಹಾಗಂತ ಅವಳೇನು ಗಟ್ಟಿಗಿತ್ತಿಯಲ್ಲ. ಕಿಟಕಿಯ ಬಾಗಿಲು ಗಾಳಿಗೆ ಬಡಿದರೆ ಬೆಚ್ಚುವವಳು, ಹಲ್ಲಿ ಲೊಚಗುಟ್ಟಿದರೆ ಸ್ಟೂಲು ಬಿಟ್ಟು ಏಳುವವಳು. ಇಸ್ತ್ರಿ ಹಾಕುವ ಮುದುಕ, ಎಲ್ಲರ ಬಾಯಲ್ಲೂ ಇಸ್ತ್ರಿ ಮಾಮ, ಇದನ್ನು ಸುಮ್ಮನೆ ಬಿಡುತ್ತಾನೆಯೇ?

"ಊರಿಗೆಲ್ಲ ಗುಂಡಿ ಹಚ್ತಾಳೆ. ಇವಳಿಗೇ ಗುಂಡಿಗೆ ಇಲ್ಲ ನೋಡಿ."

ಆಗ ಎದುರಿನ ದೊಡ್ಡ ಮೇಜಿನಿಂದ ಅವಳ ಗಂಡ ತಲೆಯೆತ್ತದೆ ಉತ್ತರ ಕೊಡುತ್ತಿದ್ದ. ಅವನು ಆ ಅಂಗಡಿಯ ಕಟಿಂಗ್ ಮಾಸ್ಟರ್. "ಅದು ನನ್ನ ಹತ್ರ ಇದೆ ಮಾಮ. ಕತ್ತರಿ ಜೊತೆ ಭದ್ರವಾಗಿ ಇಟ್ಕೊಂಡಿದೀನಿ."

ಯಂತ್ರಗಳು ಒಂದು ಗಳಿಗೆ ನಿಂತು ನಗುತ್ತಿದ್ದವು. ಗುಂಡಿಯಕ್ಕ ಕೆಂಪಾಗಿ, ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ಕಿಟಕಿಯ ಕಡೆ ತಿರುಗುತ್ತಿದ್ದಳು.

ಅವರಿಗೊಬ್ಬಳು ಮಗಳು. ಹುಟ್ಟಿದಾಗ ಅಂಗೈಯಗಲ ಇದ್ದಳೆಂದು ಅಪ್ಪ ಅವಳನ್ನು "ಚೂರು" ಎಂದ, ಬಟ್ಟೆ ಕತ್ತರಿಸಿ ಉಳಿದ ಚೂರು. ಮಾತು ಬಂದ ಮೇಲೆ ಅಜ್ಜಿ ಅದನ್ನು ತಿದ್ದಿದಳು. "ಚೂರಂತೆ ಚೂರು. ಬಾಯಿ ಬಿಟ್ರೆ ಚೂರಿ." ಅಲ್ಲಿಂದ ಚೂರಿ ಎಂಬ ಹೆಸರೇ ನಿಂತಿತು.

ಎಲ್ಲವೂ ತಲೆಕೆಳಗಾದದ್ದು ಒಂದು ಮಧ್ಯಾಹ್ನ. ಊಟದ ಡಬ್ಬಿ ತೊಳೆದಿಟ್ಟು ಎಲ್ಲರೂ ಮತ್ತೆ ಕೆಲಸಕ್ಕೆ ಕೂತಿದ್ದರು. ಕಟಿಂಗ್ ಮಾಸ್ಟರ್ ಸೀಮೆಸುಣ್ಣ ಹಿಡಿದವನು ಗೆರೆ ಎಳೆಯದೆ ಸುಮ್ಮನೆ ನಿಂತ. ಆಮೇಲೆ ಹೆಂಡತಿಯ ಪಕ್ಕಕ್ಕೆ ಬಂದು, ಬೇರೆಯವರಿಗೆ ಕೇಳದ ಹಾಗೆ ಹೇಳಿದ: "ಯಾಕೋ ಎದೆ ಹಿಡಿದ ಹಾಗಿದೆ ಕಣೇ."

ಗುಂಡಿಯಕ್ಕನ ಹಲ್ಲಿನ ನಡುವೆ ದಾರವಿತ್ತು. ಶಾಲೆಯ ಅಂಗಿಗಳ ರಾಶಿ ಸಂಜೆಯೊಳಗೆ ಮುಗಿಯಬೇಕಿತ್ತು. ದಾರ ಕಡಿದು, ಮುಖ ನೋಡದೆಯೇ ಅಂದಳು: "ಏನೂ ಇಲ್ಲ ರೀ. ಗಬಗಬ ಉಂಡ್ರಲ್ಲ, ಅದಕ್ಕೇ. ಸ್ವಲ್ಪ ನೀರು ಕುಡೀರಿ."

ಅವನು ನೀರು ಕುಡಿದ. "ಹೌದು, ಅದೇ ಇರಬೇಕು," ಎಂದು ನಕ್ಕು ಲೋಟ ಕೆಳಗಿಟ್ಟ. ಮೇಜಿಗೆ ಹೋಗಿ ಕತ್ತರಿ ಎತ್ತಿಕೊಂಡ. ಒಂದು ಅಂಗಿಯ ತೋಳು ಅರ್ಧ ಕತ್ತರಿಸಿದ್ದ. ಮಿಕ್ಕರ್ಧ ಹಾಗೇ ಉಳಿಯಿತು. ಆಸ್ಪತ್ರೆಯ ಬಾಗಿಲು ಕಾಣುವ ಮೊದಲೇ ಅವನು ಹೋಗಿಬಿಟ್ಟಿದ್ದ.

ಅವನು ಏನು ಹೇಳಿದ, ತಾನು ಏನು ಅಂದೆ ಎಂಬುದು ಗುಂಡಿಯಕ್ಕ ಒಬ್ಬಳಿಗೇ ಗೊತ್ತು. ಅತ್ತೆ ಬಂದವರ ಮುಂದೆಲ್ಲ ಕಣ್ಣೊರೆಸಿಕೊಂಡು ಹೇಳುತ್ತಿದ್ದಳು: "ಒಂದು ಮಾತು ಹೇಳಿದ್ರೆ ಆಗ್ತಿತ್ತು ಕಂದ. ಯಾರ ಹತ್ರಾನೂ ಬಾಯಿ ಬಿಡದೆ ಹೋದ." ಆ ಮಾತು ಬಂದಾಗಲೆಲ್ಲ ಸೊಸೆ ಎದ್ದು ಅಡುಗೆಮನೆಗೆ ಹೋಗಿ, ಖಾಲಿ ಕೊಡವನ್ನು ನಲ್ಲಿಯ ಕೆಳಗಿಟ್ಟು ನಿಲ್ಲುತ್ತಿದ್ದಳು.

ಮೊದಲ ಸಲ ಅದು ಅವಳಿಗೆ ಬಂದದ್ದು ಅಂಗಡಿಯ ಮೆಟ್ಟಿಲಲ್ಲಿ. ಯಾವ ಕಾರಣವೂ ಇಲ್ಲದೆ ಎದೆ ಡವಡವ ಹೊಡೆದುಕೊಳ್ಳತೊಡಗಿತು. ಉಸಿರು ಗಂಟಲಿನಿಂದ ಕೆಳಗಿಳಿಯಲೊಲ್ಲದು. ಎಡಗೈ ಬೆರಳುಗಳಲ್ಲಿ ಇರುವೆ ಹರಿದ ಹಾಗೆ ಜುಮುಜುಮು, ಅಂಗಾಲು ತಣ್ಣಗೆ. ಗೋಡೆ ಹಿಡಿದು ಕೂತವಳು, ಸರಿ, ನನ್ನ ಸರದಿ ಬಂತು ಅಂದುಕೊಂಡಳು. ಕಣ್ಣ ಮುಂದೆ ಬಂದದ್ದು ಶಾಲೆಯ ಗೇಟಿನ ಹತ್ತಿರ ಚೀಲ ತಗುಲಿಸಿಕೊಂಡು ಕಾಯುತ್ತ ನಿಂತ ಚೂರಿ. ಅಪ್ಪ ಇಲ್ಲ, ಅಮ್ಮನೂ ಹೋದರೆ ಆ ಮಗುವನ್ನು ಕರೆದುಕೊಂಡು ಬರುವವರು ಯಾರು?

ಆಸ್ಪತ್ರೆಯಲ್ಲಿ ಎದೆಯ ಮೇಲೆ ಗುಂಡಿಯಂಥ ಬಿಲ್ಲೆಗಳನ್ನು ಅಂಟಿಸಿ, ತಂತಿ ಜೋಡಿಸಿ ನೋಡಿದರು. ರಕ್ತ ತೆಗೆದರು. ಓಡುವ ಪಟ್ಟಿಯ ಮೇಲೆ ನಡೆಸಿದರು. ಕೊನೆಗೆ ಡಾಕ್ಟರಮ್ಮ ಕನ್ನಡಕ ತೆಗೆದು ಮುಗುಳ್ನಕ್ಕಳು. "ಏನೂ ಇಲ್ಲಮ್ಮ."

ಬೇರೆ ಯಾರಿಗಾದರೂ ಈ ಮಾತು ಕೇಳಿ ಹೋದ ಜೀವ ಬಂದಂತಾಗುತ್ತಿತ್ತು. ಗುಂಡಿಯಕ್ಕನಿಗೆ ಮಾತ್ರ ಕಿವಿಯಲ್ಲಿ ಕಾದ ಸೀಸ ಹುಯ್ದ ಹಾಗಾಯಿತು. ಇದೇ ಮಾತನ್ನು ಇಷ್ಟೇ ಹಗುರವಾಗಿ ಒಬ್ಬಳು ಹೇಳಿದ್ದಳು, ದಾರ ಕಡಿಯುತ್ತ. ಕೇಳಿದವನು ನಂಬಿದ್ದ.

ಆಮೇಲೆ ಎಷ್ಟು ಆಸ್ಪತ್ರೆ, ಎಷ್ಟು ಡಾಕ್ಟರು. ಎದೆಯಿಂದ ಶುರುವಾದದ್ದು ಹೊಟ್ಟೆಗಿಳಿಯಿತು, ತಲೆಗೇರಿತು. ತಲೆ ಭಾರವಾದರೆ ಮಿದುಳಿನಲ್ಲಿ ಗಡ್ಡೆ. ಬೆನ್ನು ಹಿಡಿದರೆ ಮೂತ್ರಪಿಂಡ. ಎಲ್ಲ ಕಡೆಯೂ ಅದೇ ಮಾತು. ಡಾಕ್ಟರಮ್ಮ ಒಂದು ದಿನ ಕೂರಿಸಿಕೊಂಡು ನಿಧಾನವಾಗಿ ಹೇಳಿದಳು: "ನಿಮ್ಮ ಎದೆ ಹೊಡ್ಕೊಳ್ಳೋದು ಸುಳ್ಳು ಅಂತ ನಾನು ಹೇಳ್ತಿಲ್ಲ. ಕೈ ಜುಮ್ಮೆನ್ನೋದೂ ನಿಜ. ಭಯ ಬರೀ ಮನಸ್ಸಲ್ಲಿ ಇರಲ್ಲಮ್ಮ, ಮೈಗೂ ಇಳಿಯುತ್ತೆ. ಇದಕ್ಕೂ ಚಿಕಿತ್ಸೆ ಇದೆ. ಮಾತಾಡಿಸೋ ಡಾಕ್ಟರು ಬೇರೆ ಇದಾರೆ, ಒಂದು ಸಲ ಹೋಗಿ." ಗುಂಡಿಯಕ್ಕ ತಲೆಯಾಡಿಸಿದಳು. ಮಾತಾಡಿಸುವ ಡಾಕ್ಟರ ಹತ್ತಿರ ಹೋದರೆ ಮಾತಾಡಬೇಕಾಗುತ್ತದಲ್ಲ. ಆ ಒಂದು ಮಾತನ್ನೂ ಹೇಳಬೇಕಾಗುತ್ತದಲ್ಲ. ಅವಳು ಹೋಗಲಿಲ್ಲ.

"ಹೆದರೋರ ಮೇಲೆ ಹಾವೆಸೆದ್ರು ಅಂತಾರೆ. ಇವಳಿಗೆ ಹಾವೇ ಬೇಕಾಗಿಲ್ಲ, ಹಗ್ಗ ತೋರಿಸಿದ್ರೂ ಸಾಕು," ಎಂದು ಅತ್ತೆ ಗೊಣಗಿದಳು. "ಹೆತ್ತ ಮಗನ್ನ ಕಳ್ಕೊಂಡೋಳು ನಾನು. ನಾನೇನು ದಿನ ಬೆಳಗಾದ್ರೆ ಆಸ್ಪತ್ರೆ ಬಾಗಿಲು ಕಾಯ್ತೀನಾ?"

ಇಸ್ತ್ರಿ ಮಾಮ ಹಳೆಯ ತಮಾಷೆಯನ್ನು ಬಿಟ್ಟುಬಿಟ್ಟಿದ್ದ. ಗುಂಡಿಗೆ ಎಂಬ ಮಾತು ಅವನ ಬಾಯಿಂದ ಬರುತ್ತಿರಲಿಲ್ಲ. ಒಮ್ಮೆ ಮಾತ್ರ, ಅವಳು ಕತ್ತಿನ ನರ ಒತ್ತಿಕೊಂಡು ಕೂತದ್ದನ್ನು ಕಂಡು, ಇಸ್ತ್ರಿಯನ್ನು ಬದಿಗಿಟ್ಟ. "ಚಿಂತೆಗೂ ಚಿತೆಗೂ ನಡುವೆ ಇರೋದು ಒಂದೇ ಸೊನ್ನೆ ತಾಯಿ. ನೋಡೋಕೆ ಥೇಟು ಗುಂಡಿ ಹಾಗೇ. ನೀನು ಹಚ್ಚಿದ ಗುಂಡಿ ಕಿತ್ತು ಬರಲ್ಲ ಅಂತಾರಲ್ಲ, ಅದನ್ನೂ ಸ್ವಲ್ಪ ಬಿಗಿಯಾಗಿ ಹಚ್ಕೋ." ಅವಳು ನಗಲು ನೋಡಿದಳು. ನಗು ಅರ್ಧಕ್ಕೇ ನಿಂತಿತು.

ಮನೆಯಲ್ಲಿ ಅವಳು ಏನೂ ಇಲ್ಲ ಎಂಬ ಮಾತನ್ನೇ ಕೈಬಿಟ್ಟಳು. ಚೂರಿ ಬಿದ್ದು ಮಂಡಿ ತರಚಿಕೊಂಡರೆ ಎಲ್ಲ ತಾಯಂದಿರು ಏನು ಹೇಳುತ್ತಾರೆ? ಏನೂ ಇಲ್ಲ, ಏಳು ಕಂದ. ಗುಂಡಿಯಕ್ಕ ಹಾಗನ್ನದೆ ಮಗುವನ್ನು ಎತ್ತಿಕೊಂಡು ಡಾಕ್ಟರ ಹತ್ತಿರ ಓಡುತ್ತಿದ್ದಳು. ಕೆಮ್ಮಿದರೆ ಓಡಿದಳು, ಬಿಕ್ಕಳಿಸಿದರೆ ಓಡಿದಳು. ಇನ್ನೊಂದು ಪಾಠವನ್ನೂ ಕಲಿಸಿದಳು, ಬುದ್ಧಿವಂತಿಕೆಯ ಕೆಲಸವೆಂದೇ ತಿಳಿದು. "ನೋಡು ಚೂರಿ, ನಾನೇನಾದ್ರೂ ಬಿದ್ದೆ ಅನ್ಕೋ, ಅಳ್ತಾ ನಿಲ್ಬಾರದು. ಚಪ್ಪಲಿ ಹುಡುಕ್ಬಾರದು. ಓಡಿಹೋಗಿ ಕೆಳಗಿನ ಮನೆ ಬಾಗಿಲು ಬಡೀಬೇಕು. ಅಜ್ಜಿಗೆ ಮೆಟ್ಟಿಲು ಇಳಿಯೋಕಾಗಲ್ಲ. ನೀನೇ ಓಡ್ಬೇಕು."

ಮಗು ಬರಿಗಾಲಲ್ಲಿ ಓಡಿ, ಬಾಗಿಲು ಮುಟ್ಟಿ, ಏದುಸಿರು ಬಿಡುತ್ತ ವಾಪಸು ಬಂದಿತು. "ಬೇಗ ಓಡಿದ್ನಾ ಅಮ್ಮ?"

"ಓಡಿದೆ ಬಂಗಾರ."

ಆಮೇಲೆ ಯಾವಾಗ ಚೂರಿಯ ಬಾಯಿ ಮೊಂಡಾಯಿತೋ ಯಾರಿಗೂ ಗೊತ್ತಾಗಲಿಲ್ಲ. ಅಜ್ಜಿ ಬೈದರೆ ತಿರುಗಿ ಹೇಳುವುದು ನಿಂತಿತು. ಅಮ್ಮ ಪಾತ್ರೆ ತೊಳೆಯುವಾಗ ಅಡುಗೆಮನೆಯ ಬಾಗಿಲಲ್ಲೇ ಕೂರುತ್ತಿದ್ದಳು. ಅಮ್ಮ ಬಚ್ಚಲಿಗೆ ಹೋದರೆ ಹೊರಗಿನಿಂದ "ಅಮ್ಮಾ" ಎನ್ನುವಳು; "ಏನೇ?" ಎಂದರೆ ಉತ್ತರವಿಲ್ಲ. ದೊಡ್ಡವಳಾಗುತ್ತಿದ್ದಾಳೆ, ಬುದ್ಧಿ ಬಂದಿದೆ ಎಂದು ಗುಂಡಿಯಕ್ಕ ಸಮಾಧಾನಪಟ್ಟಳು. ತನ್ನ ನಾಡಿ ಹಿಡಿದು ನೋಡುವವಳಿಗೆ ಮಗಳ ಮುಖ ನೋಡಲು ಪುರಸೊತ್ತೆಲ್ಲಿ?

ಶಾಲೆಯಿಂದ ಫೋನು ಬಂದಾಗ ಅವಳು ಒಂದು ಕೋಟಿಗೆ ಗುಂಡಿ ಹಚ್ಚುತ್ತಿದ್ದಳು. ಟೀಚರು ಹೇಳಿದಳು: "ನಿಮ್ಮ ಮಗಳು ಆಟಕ್ಕೆ ಹೋಗ್ತಿಲ್ಲ. ಮೂಲೇಲಿ ಕೂತಿದಾಳೆ, ಬೆವರಿದಾಳೆ. ಕೇಳಿದ್ರೆ ಎದೆ ಹಿಡಿದ ಹಾಗಿದೆ ಅಂತಿದಾಳೆ. ಇಷ್ಟು ಚಿಕ್ಕ ಮಗು ಆ ಮಾತು ಎಲ್ಲಿ ಕಲೀತೋ."

ಗುಂಡಿ ದಾರದಲ್ಲಿ ಜೋತಾಡುತ್ತಿತ್ತು. ಗಂಟು ಹಾಕದೆ, ಕಡಿಯದೆ, ಹಾಗೇ ಬಿಟ್ಟು ಅವಳು ಎದ್ದಳು. ಮೆಟ್ಟಿಲು ಹೇಗೆ ಇಳಿದಳೋ, ರಸ್ತೆ ಹೇಗೆ ದಾಟಿದಳೋ. ಸ್ವಲ್ಪ ಎತ್ತರ ಹತ್ತಿದರೂ ಗೋಡೆ ಹಿಡಿಯುತ್ತಿದ್ದವಳು ಅಂದು ಶಾಲೆಯ ತನಕ ಓಡಿದಳು. ತನಗೂ ಒಂದು ಎದೆಯಿದೆ ಎಂಬುದೇ ಅವಳಿಗೆ ಮರೆತುಹೋಗಿತ್ತು.

ಡಾಕ್ಟರಮ್ಮ ಮಗುವಿನ ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಆಲಿಸಿದಳು. ಬೆನ್ನು ನೋಡಿದಳು, ಉಗುರು ನೋಡಿದಳು, ಆ ಬಿಲ್ಲೆಗಳನ್ನು ಹಚ್ಚಿಯೂ ನೋಡಿದಳು. ಆ ಸಣ್ಣ ಎದೆಗೆ ಅವು ಬಲು ದೊಡ್ಡವಾಗಿ ಕಂಡವು. ಆಮೇಲೆ ಕೇಳಿದಳು: "ಆಟಕ್ಕೆ ಯಾಕೆ ಹೋಗಲ್ಲ ಪುಟ್ಟ?"

ಚೂರಿ ಅಮ್ಮನ ಕಡೆ ನೋಡಿ, ನೆಲ ನೋಡಿದಳು. "ಅಮ್ಮ ಬಿದ್ರೆ ನಾನು ಓಡ್ಬೇಕು. ಸ್ಕೂಲಲ್ಲಿದ್ರೆ ಗೊತ್ತೇ ಆಗಲ್ಲ. ಅದನ್ನ ಯೋಚನೆ ಮಾಡಿದ್ರೆ ಇಲ್ಲಿ ಹಿಡ್ಕೊಳ್ಳುತ್ತೆ." ತನ್ನ ಎದೆಯ ನಡುವೆ ಬೆರಳಿಟ್ಟು ತೋರಿಸಿದಳು. ಗುಂಡಿಯಕ್ಕ ಪ್ರತಿ ಡಾಕ್ಟರಿಗೂ ತೋರಿಸುತ್ತಿದ್ದ ಜಾಗ ಅದೇ.

ಡಾಕ್ಟರಮ್ಮ ತಾಯಿಯನ್ನು ಬೈಯಲಿಲ್ಲ. ಮಗುವಿನ ಅಂಗಿಯ ಗುಂಡಿಗಳನ್ನು ತಾನೇ ಹಾಕಿದಳು. "ನಿನ್ನ ಎದೆ ಚೆನ್ನಾಗಿದೆ ಪುಟ್ಟ. ಏನೂ ಇಲ್ಲ."

ಚೂರಿ ಒಪ್ಪಲಿಲ್ಲ. ಡಾಕ್ಟರು ಹೀಗೆ ಹೇಳುವುದನ್ನೂ, ಅಮ್ಮ ನಂಬದೆ ಎದ್ದು ಬರುವುದನ್ನೂ ಅವಳು ಎಷ್ಟು ಸಲ ಕಂಡಿಲ್ಲ? ಅಮ್ಮನ ಸೆರಗು ಹಿಡಿದಳು. "ನೀನು ಹೇಳಮ್ಮ. ಏನೂ ಇಲ್ವಾ?"

ಗುಂಡಿಯಕ್ಕ ಬಾಯಿ ತೆರೆದಳು. ಆ ಎರಡು ಮಾತು ಹೇಳಿ, ನಾಳೆ ಏನಾದರೂ ಆದರೆ? ಹೇಳದಿದ್ದರೆ ಈ ಮಗು ಇವತ್ತೇ, ಇಲ್ಲೇ, ಕಣ್ಣೆದುರಿಗೇ ಒಣಗುತ್ತಿದೆ. ಅವತ್ತು ಗಂಡನ ಮುಖವನ್ನು ಅವಳು ನೋಡಿರಲಿಲ್ಲ. ಈಗ ಮಂಡಿಯೂರಿ, ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಚೆನ್ನಾಗಿ ನೋಡಿದಳು. ಕಣ್ಣ ಕೆಳಗೆ ಕಪ್ಪು, ಒಣಗಿದ ತುಟಿ, ಹುಬ್ಬಿನ ಹತ್ತಿರ ಅವರಪ್ಪನದೇ ಮಚ್ಚೆ.

"ಏನೂ ಇಲ್ಲ ಕಂದ," ಎಂದಳು.

ಚೂರಿ ಆ ಕ್ಷಣವೇ ನಂಬಿಬಿಟ್ಟಳು. ಭುಜ ಸಡಿಲವಾಯಿತು, ಬಾಯಿಂದ ದೊಡ್ಡದೊಂದು ಉಸಿರು ಹೊರಬಿತ್ತು, ನಕ್ಕಳು. ಆ ನಗುವನ್ನು ಗುಂಡಿಯಕ್ಕ ಬಲ್ಲಳು. ಲೋಟ ಕೆಳಗಿಟ್ಟು ಅವನೂ ಹೀಗೇ ನಕ್ಕಿದ್ದ.

ಹೊರಡುವಾಗ ಅವಳು ಬಾಗಿಲಲ್ಲಿ ನಿಂತು, ತಗ್ಗಿದ ದನಿಯಲ್ಲಿ ಡಾಕ್ಟರಮ್ಮನನ್ನು ಕೇಳಿದಳು: "ಆ ಮಾತಾಡಿಸೋ ಡಾಕ್ಟರು... ಎಲ್ಲಿ ಕೂರ್ತಾರೆ?"

ದಾರಿಯಲ್ಲಿ ಚೂರಿಗೆ ಮಾತು ಮರಳಿತು. ಟೀಚರ ಹೊಸ ಚಪ್ಪಲಿ ಕಿರುಗುಟ್ಟುವುದು, ಪಕ್ಕದವಳು ಪೆನ್ಸಿಲು ಕಚ್ಚುವುದು, ಅಜ್ಜಿ ಗೊರಕೆ ಹೊಡೆದು ಇಲ್ಲವೆನ್ನುವುದು, ಎಲ್ಲ ಒಂದರ ಬೆನ್ನಿಗೊಂದು. ಅಂಗಡಿಯ ಮೆಟ್ಟಿಲ ಬುಡದಲ್ಲಿ ತಟ್ಟನೆ ನಿಂತು ಕೇಳಿದಳು.

"ಅಮ್ಮ, ನಿಂಗೆ?"

ಗುಂಡಿಯಕ್ಕನ ಎದೆ ಮತ್ತೆ ಹೊಡೆದುಕೊಳ್ಳಲು ಶುರುವಾಗಿತ್ತು. ಉಸಿರು ಅರ್ಧಕ್ಕೆ ನಿಲ್ಲುತ್ತಿತ್ತು. ಎಡಗೈಯಲ್ಲಿ ಇರುವೆ ಹರಿಯುತ್ತಿದ್ದವು.

"ನಂಗೂ ಏನೂ ಇಲ್ಲ. ನಡಿ, ಮಾಮ ಕಾಯ್ತಿರ್ತಾರೆ. ಗುಂಡಿ ಅರ್ಧಕ್ಕೇ ಬಿಟ್ಟು ಬಂದಿದೀನಿ."

ಆ ಎಡಗೈಯಲ್ಲೇ ಮಗಳ ಕೈಯಿತ್ತು. ಅದನ್ನು ಬಿಡಿಸಿಕೊಳ್ಳದೆ, ಗೋಡೆ ಹಿಡಿಯದೆ, ಗುಂಡಿಯಕ್ಕ ಮೆಟ್ಟಿಲು ಹತ್ತಿದಳು.